ಅಣ್ಣನ ಕಾಯಿಲೆಯಲ್ಲಿ ನನಗೆ ಪೂರ್ತಿ ಅಂಕ

ರೋಗಿ ವರ್ಗೀಕರಣ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಹತ್ತೊಂಬತ್ತು ವರ್ಷದಿಂದ ಸ್ಕಿಜೋಫ್ರೀನಿಯಾ ಇರುವ ನನ್ನ ಅಣ್ಣನನ್ನು ತಾವು ಎರಡು ತಿಂಗಳ ಹಿಂದೆ ಆರೋಗ್ಯವಂತನೆಂದು ಘೋಷಿಸಿ, ಆ ಕಾಯಿಲೆಯನ್ನು ನನ್ನ ಹೆಸರಿಗೆ ವರ್ಗಾಯಿಸಿದ್ದೀರಿ. ಹಳೆಯ ಸ್ಕೂಟರಿನ ಹೆಸರು ಬದಲಾಯಿಸಲೂ ಇಬ್ಬರ ಸಹಿ ಬೇಕು. ಕಾಯಿಲೆಗೆ ಮಾತ್ರ ನಮ್ಮಿಬ್ಬರಲ್ಲಿ ಒಬ್ಬರನ್ನೂ ಕೇಳಲಿಲ್ಲವಲ್ಲ, ಏಕೆ?

ಈ ಬಹಿರಂಗ ಪತ್ರ ಓದುವವರಿಗೆ ತಿಳಿಯಲೆಂದು ಹೇಳುತ್ತೇನೆ. ನಾವು ಅವಳಿಗಳು, ಒಂದೇ ಅಂಡ ಎರಡಾಗಿ ಹುಟ್ಟಿದವರು. ಅವನು ನನಗಿಂತ ಹನ್ನೊಂದು ನಿಮಿಷ ದೊಡ್ಡವನು. ಆ ಹನ್ನೊಂದು ನಿಮಿಷದ ಗತ್ತು ಇವತ್ತಿಗೂ ಇಳಿದಿಲ್ಲ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತೇನೆ. ಅವನು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆಯ ಚಾದರ ಮಡಿಸುತ್ತಾನೆ, ಅಂಚಿಗೆ ಅಂಚು ಕೂಡುವಂತೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವನಿಗೆ ದನಿಗಳು ಕೇಳತೊಡಗಿದವು. ಗೋಡೆಯಾಚೆ ಮೂವರು ಕೂತು ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನುತ್ತಿದ್ದ. ಗೋಡೆಯಾಚೆ ಇದ್ದದ್ದು ನಮ್ಮ ಬಚ್ಚಲುಮನೆ. ತಮ್ಮದೇ ಆಸ್ಪತ್ರೆಯ ವೈದ್ಯೆಗೆ ಸರಿಯಾದ ಮಾತ್ರೆ ಹುಡುಕಲು ಮೂರು ವರ್ಷ ಹಿಡಿಯಿತು. ಆಮೇಲೂ ದನಿಗಳು ಪೂರ್ತಿ ಹೋಗಲಿಲ್ಲ, ಪಿಸುಮಾತಿಗೆ ಇಳಿದವು. ಅಷ್ಟು ಸಾಕಾಯಿತು. ಅವನು ಕೆಲಸಕ್ಕೆ ಸೇರಿದ.

ಹೋದ ವರ್ಷ ತಮ್ಮ ಸಂಶೋಧಕರು ನಮ್ಮಿಬ್ಬರನ್ನೂ ಕರೆದರು. ವಂಶವಾಹಿ, ವೈರಸ್ ಸೋಂಕು, ಮಿದುಳಿನ ರಚನೆ, ಇವಕ್ಕೂ ಈ ಕಾಯಿಲೆಗೂ ಏನು ನಂಟು ಎಂದು ತಿಳಿಯುವ ಅಧ್ಯಯನವಂತೆ. ಖುಷಿಯಿಂದಲೇ ಒಪ್ಪಿದೆವು. ರಕ್ತ ಕೊಟ್ಟೆವು, ಕೊಳವೆಯಂಥ ಯಂತ್ರದೊಳಗೆ ಮಲಗಿದೆವು. ಸಂಶೋಧಕಿ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದರು! "ತುಟಿ ಮೇಲೆ ಗುಳ್ಳೆ ಬರಿಸೋ ವೈರಸ್ ಇದೆಯಲ್ಲ, ಅದು ಬಹಳ ಜನರ ಮೈಯಲ್ಲಿ ಸುಮ್ನೆ ಮಲಗಿರುತ್ತೆ. ಕೆಲವು ಬಗೆಯ ವಂಶವಾಹಿ ಇರೋರಲ್ಲಿ ಮಿದುಳಿನ ಬೂದು ಭಾಗ ಕಡಿಮೆ ಇರೋದಕ್ಕೂ ಅದಕ್ಕೂ ಸಂಬಂಧ ಇದೆಯಾ ಅಂತ ನೋಡ್ತಿದೀವಿ. ನೂರಾರು ಜನರ ಸರಾಸರಿ ತೆಗೆದ್ರೆ ಏನಾದ್ರೂ ಕಾಣಬಹುದು. ಒಬ್ಬರ ಚಿತ್ರ ನೋಡಿ ಇವರು ರೋಗಿ, ಇವರು ಅಲ್ಲ ಅಂತ ಹೇಳೋಕಾಗಲ್ಲ." ಈ ಕೊನೆಯ ಮಾತು ತಮ್ಮ ಕಚೇರಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲಿ ಉದುರಿಹೋಯಿತೋ!

ತಾವು ಸುತ್ತೋಲೆ ಹೊರಡಿಸಿದಿರಿ. ಇನ್ನು ಮುಂದೆ ಈ ಕಾಯಿಲೆಗೆ ಮೂರು ಅಂಕ: ವಂಶವಾಹಿಗೊಂದು, ವೈರಸ್ಸಿಗೊಂದು, ತೆಳುವಾದ ಮಿದುಳಿಗೊಂದು. ಎರಡು ಬಂದವರು ರೋಗಿ. ವಂಶವಾಹಿ ನಮ್ಮಿಬ್ಬರದೂ ಒಂದೇ, ಹಾಗಾಗಿ ತಲಾ ಒಂದು. ವೈರಸ್ಸಿನ ಗುರುತು ನನ್ನ ರಕ್ತದಲ್ಲಿ ಸಿಕ್ಕಿತು, ಅವನದರಲ್ಲಿ ಸಿಗಲಿಲ್ಲ. ಬೂದು ಭಾಗವೂ ಅವನದಕ್ಕಿಂತ ನನ್ನದೇ ಕೂದಲೆಳೆಯಷ್ಟು ತೆಳು. ಜನ್ಮದಲ್ಲಿ ಯಾವ ಪರೀಕ್ಷೆಯನ್ನೂ ನೆಟ್ಟಗೆ ಪಾಸು ಮಾಡದ ನಾನು ಮೂರಕ್ಕೆ ಮೂರು ತೆಗೆದೆ. ತರಗತಿಗೆ ಸದಾ ಮೊದಲಿಗನಾಗಿದ್ದ ಅಣ್ಣ, ಹತ್ತೊಂಬತ್ತು ವರ್ಷ ಅನುಭವಿಸಿದ ಕಾಯಿಲೆಯಲ್ಲಿ ಫೇಲಾದ.

ಔಷಧಿ ಕೌಂಟರಿನಲ್ಲಿ ಅವನ ಮಾತ್ರೆ ನಿಲ್ಲಿಸಿದರು. ನನ್ನ ಹೆಸರಿಗೆ ಬಂದ ಮಾತ್ರೆಯನ್ನೇ ಅವನಿಗೆ ಕೊಡಬಹುದಿತ್ತಲ್ಲ ಎನ್ನುತ್ತೀರಾ? ಹೊಸ ರೋಗಿ ನರ್ಸಿನ ಎದುರೇ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕಂತೆ. ಅದೂ ತಮ್ಮದೇ ನಿಯಮ. ನಾನು ನುಂಗದೆ ಬರಿಗೈಲಿ ಬಂದೆ. ಹನ್ನೆರಡನೇ ದಿನ ಅಣ್ಣ ಲಾಂಡ್ರಿಯ ಕಪಾಟಿನಲ್ಲಿದ್ದ ಮಡಿಸಿದ ಚಾದರಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದನಂತೆ, ಮಾತಾಡುತ್ತಿರುವವರು ಯಾವ ಮಡಿಕೆಯೊಳಗಿದ್ದಾರೆ ಎಂದು. ಮೇಲ್ವಿಚಾರಕರು ಮನೆಗೆ ಕಳಿಸಿದರು. ನನ್ನ ಹೆಂಡತಿ ಅಂಗಡಿಗೆ ಫೋನ್ ಮಾಡಿದಳು: "ಬೇಗ ಬನ್ನಿ. ಭಾವ ಬಚ್ಚಲಲ್ಲಿ ಕೂತು ಯಾರಿಗೋ ಉತ್ತರ ಕೊಡ್ತಿದ್ದಾರೆ. ಅಳ್ತಾನೂ ಇದ್ದಾರೆ." ಉಜ್ಜುತ್ತಿದ್ದ ಗಾಜು ಕೈಜಾರಿತು. ಅದು ಯಾರ ಕನ್ನಡಕದ್ದೋ, ಈಗ ನೆನಪಿಲ್ಲ.

ಮರುದಿನ ಬೆಳಿಗ್ಗೆ ಅಣ್ಣನನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತರು ನನ್ನ ಮಾತನ್ನು ಬರೆದುಕೊಳ್ಳಲೇ ಇಲ್ಲ.

"ನೀವು ರೋಗಿ ಅಲ್ವಾ? ನಿಮ್ಮ ಹೇಳಿಕೆಗೆ ಮನೆಯ ಆರೋಗ್ಯವಂತರೊಬ್ಬರ ಸಾಕ್ಷಿ ಬೇಕು."

"ಯಾರನ್ನ ತರಲಿ?"

"ಇಲ್ಲೇ ಇದ್ದಾರಲ್ಲ ನಿಮ್ಮಣ್ಣ."

ಅಣ್ಣ ಕುರ್ಚಿಯಿಂದ ಎದ್ದ. ಹನ್ನೊಂದು ನಿಮಿಷದ ಗತ್ತು ಹಾಗೇ ಇತ್ತು. "ನೋಡಿ ಸ್ವಾಮಿ, ಇವನಿಗೆ ಏನೂ ಕೇಳಿಸಲ್ಲ. ಊಟಕ್ಕೆ ಕರೆದ್ರೂ ಕೇಳಿಸಲ್ಲ. ದನಿ ಕೇಳೋದು ನನಗೆ. ಇಷ್ಟು ವರ್ಷ ನಾನು ಹೊತ್ತಿದ್ದನ್ನ ಇವನ ತಲೆಗೆ ಯಾಕೆ ಕಟ್ಟುತ್ತೀರಿ? ಈಗಲೂ ಮೂರು ಜನ ಮಾತಾಡ್ತಿದ್ದಾರೆ, ಕೇಳಿ."

ಗುಮಾಸ್ತರು ಕೋಣೆಯ ಸುತ್ತ ಕಣ್ಣಾಡಿಸಿದರು. ಅಣ್ಣ, ನಾನು, ಅವರು. "ಸರಿಯಾಗೇ ಇದೆಯಲ್ಲ, ಇರೋದೇ ಮೂವರು" ಎಂದು, ಹಾಳೆಯಲ್ಲಿ ಬರೆದರು: "ಎಣಿಕೆ ಸರಿಯಿದೆ. ಆರೋಗ್ಯವಂತ."

ಕೊನೆಗೆ ನಮ್ಮನ್ನು ಉಳಿಸಿದ್ದು ಆ ಹಳೆಯ ವೈದ್ಯೆಯೇ. ಅಣ್ಣನನ್ನು ಎದುರು ಕೂರಿಸಿಕೊಂಡು ಮುಕ್ಕಾಲು ಗಂಟೆ ಸುಮ್ಮನೆ ಕೇಳಿದರು. ಆಮೇಲೆ ತಾವು ಹೊರಡಿಸಿದ್ದ ಆ ಸುತ್ತೋಲೆಯ ಬೆನ್ನ ಮೇಲೇ ಔಷಧಿ ಚೀಟಿ ಬರೆದು, "ಹೊರಗಿನ ಅಂಗಡಿಯಲ್ಲಿ ತಗೊಳ್ಳಿ, ಯಾರಾದ್ರೂ ಕೇಳಿದ್ರೆ ನನ್ನ ಹತ್ತಿರ ಕಳ್ಸಿ" ಎಂದರು. ಆರು ವಾರ ಕಳೆದಿದೆ. ದನಿಗಳು ತಗ್ಗಿವೆ. ಅಣ್ಣ ಅರ್ಧ ದಿನದ ಕೆಲಸಕ್ಕೆ ಮರಳಿದ್ದಾನೆ. ಕಡತದಲ್ಲಿ ಮಾತ್ರ ನಾನೇ ರೋಗಿ.

ಸಂಶೋಧನೆಯ ಮೇಲೆ ನನಗೆ ಸಿಟ್ಟಿಲ್ಲ. ಮೊನ್ನೆ ಸಂಶೋಧಕಿ ಸಿಕ್ಕಾಗ ಕೇಳಿದೆ: "ವಂಶವಾಹಿ ಇಬ್ಬರದೂ ಒಂದೇ. ವೈರಸ್ ನನಗೆ ಅಂಟಿತು, ಮಿದುಳು ನನ್ನದೇ ತೆಳು. ಹಾಗಿದ್ರೂ ಕಾಯಿಲೆ ನನ್ನ ಬಿಟ್ಟು ಅವನಿಗೆ ಯಾಕೆ ಬಂತು?" ಅವರು "ಗೊತ್ತಿಲ್ಲ. ಅದಕ್ಕೇ ಹುಡುಕ್ತಿರೋದು" ಎಂದರು. ತಮ್ಮ ಕಟ್ಟಡದಲ್ಲಿ ನನಗೆ ಸಿಕ್ಕ ಒಂದೇ ಒಂದು ನೇರ ಉತ್ತರ ಅದು. ಗೊತ್ತಿಲ್ಲ ಎನ್ನಲು ಅವರಿಗೆ ನಾಚಿಕೆಯಾಗಲಿಲ್ಲ. ತಮಗೇಕೆ ಆಗುತ್ತಿದೆ?

ನನ್ನ ಬೇಡಿಕೆ ಇಷ್ಟೇ. ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಅಣ್ಣನ ಕಾಯಿಲೆಯನ್ನು ಅಣ್ಣನ ಹೆಸರಿಗೇ ಬರೆಯಿರಿ, ಮಾತ್ರೆಯ ಸಮೇತ. ನಮ್ಮ ಮಿದುಳಿನ ಚಿತ್ರಗಳನ್ನು ಸಂಶೋಧಕರೇ ಇಟ್ಟುಕೊಳ್ಳಲಿ, ನಾಳೆ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮತ್ತೆ ಯಾರಿಗಾದರೂ ವಾಸಿಯಾಗಿದೆ ಎಂದು ಘೋಷಿಸುವ ಮುನ್ನ, ದಯವಿಟ್ಟು ಅವರನ್ನೇ ಒಂದು ಮಾತು ಕೇಳಿ.

ಇಂತಿ,
ಕಡತದಲ್ಲಿ ತಮ್ಮ ರೋಗಿ,
ಮನೆಯಲ್ಲಿ ಅಣ್ಣನ ತಮ್ಮ