ಫೋನಿನ ಹಿಂದೆ ನಿಂತ ಅವ್ವ

೧೩ ನವೆಂಬರ್, ಗುರುವಾರ. ಇಚಲಕರಂಜಿ.

ಖಾತೆ ಇವತ್ತೂ ಆಗಲಿಲ್ಲ. ಮಾರಿಷಸ್‌ನ ಬ್ಯಾಂಕಿನಲ್ಲಿ ನನ್ನ ಹೆಸರಿನ ಖಾತೆಯಾದ ಮೇಲೆಯೇ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿರುವ ಅಲ್ಲಿಯ ಬಟ್ಟೆ ಕಾರ್ಖಾನೆಯವರು ವಿಮಾನದ ಟಿಕೆಟ್ ಕಳಿಸುತ್ತಾರಂತೆ. ಆ ಬ್ಯಾಂಕಿನ ಮೇಡಂ ವಿಡಿಯೋ ಕರೆ ಮಾಡಿದ್ದರು. ಹಿಂದಿಯಲ್ಲಿ ಮೆಲ್ಲಗೇ ಕೇಳಿದರು. ಆದರೂ ನಾನು ತಡವರಿಸಿದೆ.

ಅವ್ವ ಫೋನಿನ ಹಿಂದೆ ನಿಂತಿದ್ದಳು. ನಾವು ಕೆಲಸ ಮಾಡುವ ಶೆಡ್ಡಿನಲ್ಲಿ ಮಗ್ಗದ ಸದ್ದಿನ ನಡುವೆ ಮಾತಾಡುವ ಹಾಗೆ, ದನಿಯಿಲ್ಲದೆ ತುಟಿಯಾಡಿಸಿ ಉತ್ತರ ಹೇಳಿಕೊಡುತ್ತಿದ್ದಳು. ಸ್ವಂತ ಇಚ್ಛೆಯಿಂದ ಖಾತೆ ತೆರೆಯುತ್ತಿದ್ದೀರಾ ಎಂದು ಕೇಳಿದಾಗಲೂ ನನ್ನ ಕಣ್ಣು ಅವ್ವನತ್ತಲೇ ಹೋಯಿತು.

"ಆಪ್ ಕೆ ಸಾಮನೆ ಕೌನ್ ಹೈ?" ಎಂದರು ಮೇಡಂ.

ಎದುರಿಗೆ ಯಾರೂ ಇಲ್ಲ ಎಂದುಬಿಟ್ಟೆ. ಮೇಡಂ, ನಾಳೆ ಮತ್ತೆ ಕರೆ ಮಾಡುತ್ತೇನೆ, ಮೊದಲು ಕೋಣೆ ಪೂರ್ತಿ ತೋರಿಸಬೇಕು ಎಂದು ಹೇಳಿ ಮುಗಿಸಿದರು.

"ಬಾಯಾಗ ನೂಲ ತುರ್ಕೊಂಡಿದ್ದೇನ? ಹೌದ್ರಿ ಅನ್ನಾಕ ಇಷ್ಟ ಹೊತ್ತ ಬೇಕ?" ಎಂದು ಅವ್ವ ಬೈದಳು.

"ನೀ ಯಾಕ ಅಲ್ಲಿ ನಿಂತಿದ್ದಿ ಬೇ?"

"ನಾ ನಿಂದರಲಿಲ್ಲಂದ್ರ ನೀ ನಿನ್ನ ಹೆಸರರ ಹೇಳ್ತಿದ್ದೇನ?"

ನಗು ಬಂತು. ಆದರೆ ಹೆದರಿಕೆ ಹೋಗಿಲ್ಲ. ಈ ಹುಡುಗಿಯನ್ನು ಯಾರೋ ಹೆದರಿಸಿ ಕಳಿಸುತ್ತಿದ್ದಾರೆ ಎಂದು ಆ ಮೇಡಂ ಬರೆದುಕೊಂಡಿದ್ದರೆ?

ಹೋಗು ಎಂದು ಮೊದಲು ಅಂದವಳು ಅವ್ವ. ನಾನು ಹೂಂ ಅಂದಿದ್ದೆ, ಅಷ್ಟೇ. ನಾಳೆ ಅವಳು ಹೊರಗೆ ನಿಲ್ಲುತ್ತಾಳೆ. ಅದೇ ಪ್ರಶ್ನೆ ಬಂದಾಗ ನನ್ನೆದುರು ಬರೀ ಗೋಡೆ ಇರುತ್ತದೆ. ಹೋಗುವ ಆಸೆ ನನಗೂ ಇದೆ. ಇದೆ ಅನ್ನಿಸುತ್ತದೆ. ಆದರೆ ಈ ಮಾತನ್ನು ನಾನು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ.