ಗೇಟಿನ ಮುಂದಿದ್ದ ಮಾವು

ಸಾವಾಂಗನ್, ದೆಪೊಕ್
ಭಾನುವಾರ

ಮನೆಯೊಡತಿ ಇಬು ಹೆರ್ಲಿನಾ ಅವರಿಗೆ ನಮಸ್ಕಾರ.

ನಾವು ಬಾಡಿಗೆಗಿರುವ ಈ ಮನೆ ಯಾಕೆ ಮಾರಾಟವಾಗುತ್ತಿಲ್ಲ ಎಂದು ತಾವು ಸುರಬಾಯಾದಿಂದ ಬರೆದು ಕೇಳಿದ್ದಿರಿ. ನನಗೂ ಅದೇ ಕುತೂಹಲ. ಫೋಟೋದಲ್ಲಿ ಮನೆ ಚೆನ್ನಾಗಿ ಕಾಣಲಿ ಎಂದು ತಾವು ಹೇಳಿದಂತೆ ಗೇಟಿನ ಮುಂದಿನ ಮಾವಿನ ಮರವನ್ನು ನಾನೇ ನಿಂತು ಕಡಿಸಿದೆ. ಆಮೇಲೆ ನಾಲ್ಕು ಕುಟುಂಬದವರು ಬಂದರು. ಎಲ್ಲರೂ ಗೇಟಿನ ಹತ್ತಿರ ನಿಂತು, ತಿರುಗಿ ಬೀದಿ ನೋಡಿ, ನನ್ನ ಹೆಂಡತಿ ಸುಪಾರ್ಮಿ ಕೊಟ್ಟ ಚಹಾ ಕುಡಿದು ಹೊರಟುಹೋದರು.

ಇವತ್ತು ಬಂದಾಕೆಯನ್ನು ತಡೆದು ಕೇಳಿಯೇಬಿಟ್ಟೆ.

“ಅಯ್ಯೋ, ಬೀದಿ ನೆಟ್ಟಗೆ ಬಂದು ಬಾಗಿಲಿಗೇ ಚುಚ್ಚತ್ತಲ್ರೀ, ಸಾತೆ ಕಡ್ಡಿ ಮಾಂಸಕ್ಕೆ ಚುಚ್ಚಿದ ಹಾಗೆ! ಇಂಥ ಮನೇಲಿ ಯಾರು ಉದ್ಧಾರ ಆಗ್ತಾರೆ? ಅಡ್ಡಕ್ಕೆ ಒಂದು ಮರನಾದ್ರೂ ಬೇಡ್ವಾ?”

ಜಕಾರ್ತಾದ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಈ ನಂಬಿಕೆ ಹೊಸದು. ಒಳಗೆ ಹೋಗಿ ಸುಪಾರ್ಮಿಯನ್ನು ಕೇಳಿದೆ, “ನಿನಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು.”

“ಮತ್ತೆ ಕಡಿಸೋವಾಗ ಬಾಯಿ ಬಿಡೋಕೇನಾಗಿತ್ತು?”

“ಯಾರು ಕೇಳಿದ್ರು ನನ್ನ? ಹನ್ನೊಂದು ವರ್ಷದಿಂದ ಈ ಮನೇಲಿದ್ದೀನಿ. ಬೀದಿ ಚುಚ್ಚಿದ್ರೆ ಚುಚ್ಚಲಿ, ಮನೆ ಉಳೀತಲ್ಲ!” ಎಂದು ಸೊಪ್ಪು ಸೋಸುತ್ತಾ ಕೂತಳು.

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ದಯವಿಟ್ಟು ತಾವೂ ಬೈಯಬೇಡಿ. ಅದೇ ಜಾಗದಲ್ಲಿ ಮಾವಿನ ಸಸಿ ನೆಟ್ಟಿದ್ದೇನೆ. ಬೀದಿಯನ್ನು ಮರೆಮಾಡುವಷ್ಟು ಬೆಳೆಯಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ನೀರು ಹಾಕಲು ಯಾರಾದರೂ ಇಲ್ಲಿರಬೇಕಲ್ಲವೇ? ಹೊಸ ಬಾಡಿಗೆ ಕರಾರು ಜೊತೆಗಿದೆ, ಸಹಿ ಮಾಡಿ ಕಳಿಸಿಕೊಡಿ.

ಸುಪಾರ್ಮಿ ಆಗಲೇ ಕೊಡ ತುಂಬಿಸಿಟ್ಟಿದ್ದಾಳೆ.

ತಮ್ಮ ಬಾಡಿಗೆದಾರ,
ಸುಗಿಯಾರ್ತೊ