ಒಬ್ಬಳೇ ನೋಡಿದ ನಿಮ್ಮ ಸಿನಿಮಾ

ಪ್ರೀತಿಯ ಇವರಿಗೆ,

ನೀವೆಲ್ಲಿದ್ದೀರೋ ಗೊತ್ತಿಲ್ಲವೆಂದು ನಿಮ್ಮಕ್ಕ ಆಣೆ ಹಾಕಿದರು. ಅವರ ಮುಖ ಬೇರೆಯೇ ಹೇಳಿತು. ಅದಕ್ಕೇ ಈ ಪತ್ರವನ್ನು ಅವರ ಕೈಯಲ್ಲೇ ಕೊಡುತ್ತಿದ್ದೇನೆ.

ನಿಮ್ಮ ಮೆಚ್ಚಿನ ಆ ಕಪ್ಪುಬಿಳುಪು ಕೊಲೆಗಾರನ ಸಿನಿಮಾವನ್ನು ಭಾನುವಾರ ಒಬ್ಬಳೇ ನೋಡಿದೆ. ಕಿಟಕಿಯ ನೆರಳು ಅವನ ಮುಖದ ಮೇಲೆ ಕಂಬಿಗಳಂತೆ ಬೀಳುವುದನ್ನು ನೀವು ಪ್ರತಿಸಲ ತೋರಿಸುತ್ತಿದ್ದಿರಿ. ನನಗೆ ಬರೀ ಕತ್ತಲೆ ಕಾಣುತ್ತಿತ್ತು. ಈ ಸಲ ಅವನ ಹಣೆಯ ಬೆವರೂ ಕಂಡಿತು. ಎಷ್ಟು ಚೆನ್ನಾಗಿ ತೆಗೆದಿದ್ದಾರೆ! ಅವನು ಓಡಿದಷ್ಟೂ ಬೀದಿ ಕಿರಿದಾಗುತ್ತದೆ. “ಹೋಗಿ ಒಪ್ಕೊಂಡ್ಬಿಡೋ ಪುಣ್ಯಾತ್ಮ” ಎಂದು ನೀವು ಟಿವಿಗೆ ಕೂಗುತ್ತಿದ್ದಿರಲ್ಲ, ನಾನೂ ಕೂಗಲು ಹೋದೆ. ಟಿವಿ ಆರಿಸಿಬಿಟ್ಟೆ.

ನಿಮ್ಮ ಲಾರಿ ಗುದ್ದಿದ ದರ್ಜಿ ಬದುಕಿದ್ದಾನೆ. ನಿನ್ನೆ ಆಸ್ಪತ್ರೆಗೆ ಹೋಗಿ, ಗುದ್ದಿ ಓಡಿದವರ ಹೆಂಡತಿ ನಾನೇ ಎಂದು ಅವನ ತಾಯಿಗೆ ಹೇಳಿದೆ. ಆಕೆ ಬೈಯಲಿಲ್ಲ.

“ಅವ್ನು ಬರ್ತಾನಾ?” ಎಂದಷ್ಟೇ ಕೇಳಿದರು.

“ಗುರುವಾರ ಬರ್ತಾರಮ್ಮ” ಎಂದುಬಿಟ್ಟೆ.

ಇಸ್ತ್ರಿ ಮಾಡಿದ ಅಂಗಿ ಕಳಿಸಿದ್ದೇನೆ. ಗಡ್ಡ ತೆಗೆದುಕೊಂಡು ಬನ್ನಿ. ಬೆಳಿಗ್ಗೆ ಹತ್ತಕ್ಕೆ ಪೊಲೀಸ್ ಠಾಣೆಯ ಗೇಟಿನಲ್ಲಿ ನಿಂತಿರುತ್ತೇನೆ. ನೀವು ಬಂದರೆ ಜೊತೆಗೆ ಒಳಗೆ ಹೋಗೋಣ. ಬರದಿದ್ದರೆ ನಾನೊಬ್ಬಳೇ ಹೋಗಿ ನಿಮ್ಮಕ್ಕನ ಮನೆಯ ವಿಳಾಸ ಕೊಡಬೇಕಾಗುತ್ತದೆ. ಕೈಮುಗಿಯುತ್ತೇನೆ, ನನ್ನ ಕೈಯಲ್ಲಿ ಅದನ್ನು ಮಾಡಿಸಬೇಡಿ.

ಇನ್ನೂ ನಿಮ್ಮವಳೇ ಆದ,
ನಾನು